ಕೇಳಿ ಮುಟ್ಟುತ್ತಿದ್ದ ಬ್ರದರ್

ಹೇರೋಹಳ್ಳಿಯ ಬಸ್ ಸ್ಟಾಪಿನ ಪಕ್ಕದ ಕರೆಂಟ್ ಕಂಬಕ್ಕೆ ಅವನ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಉರಿಯುವ ದೀಪ, ನಡುವೆ ಅವನ ಫೋಟೋ. ಹೆಸರಿನ ಮುಂದೆ ‘ಡಾ.’ ಎಂದು ಹಾಕಿಸಿದ್ದರು. ಸಾವಿನ ಮನೆಗೆ ಹೊರಟವಳು ನಗಬಾರದು, ಆದರೆ ನಕ್ಕುಬಿಟ್ಟೆ. ಬದುಕಿದ್ದಾಗ ಯಾರಾದರೂ ‘ಡಾಕ್ಟ್ರೇ’ ಅಂದರೆ ಸಾಕು, ‘ಡಾಕ್ಟ್ರಲ್ಲ ಅಣ್ಣ, ನರ್ಸು’ ಎಂದು ತಿದ್ದದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಕಂಬದ ಕೆಳಗೆ ನಿಂತಿದ್ದ ಹುಡುಗರನ್ನು ಕೇಳಿದೆ, “ಯಾರಪ್ಪಾ ಇವನನ್ನ ಡಾಕ್ಟ್ರು ಮಾಡಿದ್ದು?”

“ಊರೋರಿಗೆಲ್ಲಾ ಇಂಜೆಕ್ಷನ್ ಹಾಕ್ತಿದ್ದ ಆಂಟಿ. ಇನ್ನೇನಂತ ಹಾಕ್ಸೋದು?” ಅಂದ ಒಬ್ಬ.

ನರ್ಸ್ ಎಂದು ಹಾಕಿಸಬಹುದಿತ್ತು. ಗಂಡಸಿನ ಫೋಟೋ ಕೆಳಗೆ ಆ ಪದ ಹಾಕಲು ಫ್ಲೆಕ್ಸ್ ಅಂಗಡಿಯವನಿಗೂ ಮನಸ್ಸು ಬಂದಿರಲಿಕ್ಕಿಲ್ಲ.

ಅವನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಮಗಳೊಬ್ಬಳಿದ್ದಾಳೆ, ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ, ಅಪ್ಪನ ಹಳೇ ಸುದ್ದಿ ಅವಳ ಬೆನ್ನು ಹತ್ತುವುದು ಬೇಡ. ಅಲ್ಲದೆ ನಮ್ಮ ನರ್ಸಿಂಗ್ ಹೋಮಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ಹೆಂಗಸರಾದರೆ ಸಿಸ್ಟರ್, ಗಂಡಸಾದರೆ ಬ್ರದರ್. ಅವನು ಬ್ರದರ್.

ನಾನು ಮಾರೇನಹಳ್ಳಿ ಕಡೆಯ ಆ ನರ್ಸಿಂಗ್ ಹೋಮಿನಲ್ಲಿ ರಿಟೈರಾಗುವ ತನಕ ಹೆಡ್ ನರ್ಸ್ ಆಗಿದ್ದೆ. ನನ್ನ ಬಾಯಿ ಜೋರು ಎನ್ನುತ್ತಾರೆ, ಸುಳ್ಳೇನಲ್ಲ. ಅವನ ಮೇಲೆ ನನಗೆ ವಿಶೇಷ ಮಮತೆ ಇತ್ತು ಅಂತಲೂ ತಿಳಿಯಬೇಡಿ. ಜೊತೆಗೆ ಕೆಲಸ ಮಾಡಿದವನು, ಚೆನ್ನಾಗಿ ಮಾಡಿದ, ಎಷ್ಟೋ ಸಲ ನನ್ನ ತಲೆಯನ್ನೂ ಚೆನ್ನಾಗಿಯೇ ತಿಂದ.

ಅವನು ಬಂದದ್ದು ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷಕ್ಕೆ. ಆಗ ಮಾಗಡಿ ರಸ್ತೆಯ ಆಚೀಚೆ ಎಲ್ಲಿ ನೋಡಿದರೂ ನರ್ಸಿಂಗ್ ಕಾಲೇಜಿನ ಬೋರ್ಡು. ನಮ್ಮಲ್ಲಿ ಕೆಲಸ ಕೇಳಿಕೊಂಡು ಬರುವವರು ಹೆಚ್ಚಾಗಿ ಕೇರಳದ ಹುಡುಗಿಯರು, ಆಮೇಲಾಮೇಲೆ ಗದಗ, ಬಿಜಾಪುರ ಕಡೆಯ ಹುಡುಗರು. ಇವನು ಅವರ ಸಾಲಿನಲ್ಲಿ ಕೂತಿದ್ದಾಗ ಯಾರನ್ನೋ ಬಿಟ್ಟು ಹೋಗಲು ಬಂದ ಮಾವನಿರಬೇಕು ಅಂದುಕೊಂಡಿದ್ದೆ. ಗಟ್ಟಿ ಕತ್ತು, ಒಂದು ಕಿವಿಯ ತುದಿ ಹರಿದಿತ್ತು, ಕೈಗಳು ಹಾರೆ ಹಿಡಿಯಲು ಮಾಡಿದಂತಿದ್ದವು. ವಯಸ್ಸು ಮೂವತ್ತು ದಾಟಿತ್ತು.

ನರ್ಸಿಂಗ್ ಹೋಮಿನ ಮಾಲೀಕರೇ ದೊಡ್ಡ ಡಾಕ್ಟ್ರು, ಸರ್ಜನ್. ಮಾತು ಒರಟು, ತಲೆ ಚುರುಕು. ಸಂದರ್ಶನಕ್ಕೆ ಯಾವಾಗಲೂ ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು.

“ಈಗ ತಾನೇ ಡಿಪ್ಲೊಮಾ ಮುಗ್ಸಿದೀಯ. ಇಷ್ಟು ವಯಸ್ಸಾಗೋ ತನಕ ಏನ್ ಮಾಡ್ತಿದ್ದೆ?” ಎಂದು ಕೇಳಿದರು.

“ಜೈಲಲ್ಲಿದ್ದೆ ಸಾರ್.”

ಡಾಕ್ಟ್ರು ಕನ್ನಡಕ ತೆಗೆದರು. “ಯಾಕೆ?”

“ಒಬ್ಬರ ಕೈಗೆ ಮಚ್ಚಲ್ಲಿ ಹೊಡೆದಿದ್ದೆ. ಶಿಕ್ಷೆ ಮುಗ್ಸಿದೀನಿ. ರೌಡಿ ಶೀಟ್ ಮಾತ್ರ ಇನ್ನೂ ಇದೆ ಸಾರ್. ಸ್ಟೇಷನ್ನೋರು ಕರ್ದಾಗ ಒಂದಿನ ರಜ ಬೇಕಾಗುತ್ತೆ. ಮುಂಚೇನೇ ಹೇಳ್ಬಿಡೋಣ ಅಂತ.”

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಡಾಕ್ಟ್ರು ಮಾತ್ರ ಹೊಟ್ಟೆ ಕುಣಿಸಿಕೊಂಡು ನಗಲು ಶುರುಮಾಡಿದರು. ಕೆಲಸ ಸಿಗುವ ಮೊದಲೇ ರಜೆ ಕೇಳಿದವನನ್ನು ಅವರು ನೋಡಿರಲಿಲ್ಲವಂತೆ. “ಕುಡೀತೀಯಾ?” “ಇಲ್ಲ ಸಾರ್.” “ಕೇಸ್ ಶೀಟ್ ಇಂಗ್ಲಿಷಲ್ಲಿ ಬರೀತೀಯಾ?” “ನಿಧಾನಕ್ಕೆ ಬರೀತೀನಿ ಸಾರ್.” “ಸೋಮವಾರ ಬಾ.”

ಅವನು ಹೊರಗೆ ಹೋದದ್ದೇ ತಡ, ನಾನು ಬಾಯಿ ಬಡಿದುಕೊಂಡೆ. “ಏನ್ ಸಾರ್ ನೀವು! ಔಷಧಿ ಬೀರು ಕೀ ನಾನು ಅವನ ಕೈಗೆ ಕೊಡ್ಬೇಕಾ?”

“ಬೇರೆಯೋರು ಹೇಳಲ್ಲ, ಇವನು ಹೇಳ್ದ. ಅಷ್ಟೇ ಕಣಮ್ಮ ವ್ಯತ್ಯಾಸ,” ಅಂದರು ಡಾಕ್ಟ್ರು, ಮುಂದಿನ ಹುಡುಗಿಯನ್ನು ಕರೆಸಿದರು.

ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವನ ಅಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲಗಳು ಸೈಟುಗಳಾದವು. ಲೇಔಟ್ ಮಾಡುವವನೊಬ್ಬ ಊರಿನ ಪಡ್ಡೆ ಹುಡುಗರನ್ನು ಸೈಟು ಕಾಯಲು ಇಟ್ಟುಕೊಂಡ. ಒಂದೇ ಸೈಟನ್ನು ಇಬ್ಬರಿಗೆ ಮಾರುತ್ತಿದ್ದ ಕಾಲ ಅದು. ಕಾಯುವುದೆಂದರೆ ಇನ್ನೊಂದು ಕಡೆಯವರು ಪಾಯ ತೆಗೆಯಲು ಬಂದರೆ ಹೊಡೆದು ಓಡಿಸುವುದು. ಹಾಗೆ ಪಾಯ ತೆಗೆಸಲು ಬಂದ ಒಬ್ಬನ ಬಲಗೈ ಬೆರಳುಗಳನ್ನು ಇವನು ಕತ್ತರಿಸಿದ. ಲೇಔಟ್‌ನವನು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಇವನು ಒಳಗೆ ಹೋದ.

ಜೈಲಿನಲ್ಲಿ ಮೊದಲು ಅಡುಗೆಮನೆಗೆ ಹಾಕಿದ್ದರಂತೆ. ಆಸ್ಪತ್ರೆಯಲ್ಲಿ ಆಳು ಸಾಲದೆ ಅಲ್ಲಿಗೆ ಕಳಿಸಿದರು. ಹಾಸಿಗೆ ಹಿಡಿದ ಒಬ್ಬ ಮುದುಕ ಕೈದಿಯ ಬೆನ್ನಿನ ಹುಣ್ಣು ತೊಳೆಯುವುದು ಅವನ ಪಾಲಿಗೆ ಬಂತು.

“ಮೊದಲ್ನೇ ದಿನ ವಾಂತಿ ಮಾಡ್ದೆ ಸಿಸ್ಟರ್,” ಎಂದು ಒಮ್ಮೆ ಗಾಜ್ ಬಟ್ಟೆ ಮಡಿಸುತ್ತಾ ಹೇಳಿದ. “ಎರಡ್ನೇ ದಿನ ಆ ಮುದುಕಪ್ಪ ‘ನಿಧಾನ ಕಣಪ್ಪ’ ಅಂದ. ಅಲ್ಲಿ ತನಕ ಯಾರೂ ನಂಗೆ ನಿಧಾನ ಮಾಡು ಅಂದಿರ್ಲಿಲ್ಲ. ಬೇಗ ಮುಗ್ಸು ಅಂತಾನೇ ಎಲ್ಲರೂ ಹೇಳ್ತಿದ್ದಿದ್ದು.”

ಅಲ್ಲೇ ಕೂತು ಪಿಯುಸಿ ಮತ್ತೆ ಕಟ್ಟಿ ಪಾಸು ಮಾಡಿದ. ಹೊರಗೆ ಬಂದ ಮೇಲೆ ನರ್ಸಿಂಗ್ ಸ್ಕೂಲಿನವರು ನಡತೆ ಪತ್ರ ಕೇಳಿದರು. ಯಾರು ಕೊಡುತ್ತಾರೆ? ಅವನು ಓದಿದ ಹೈಸ್ಕೂಲಿನ ಹಳೇ ಹೆಡ್‌ಮಾಸ್ಟರ ಮನೆ ಹುಡುಕಿಕೊಂಡು ಹೋದ. ಅವರು ವಿಷಯವೆಲ್ಲ ಕೇಳಿ, “ನನ್ನ ಸ್ಕೂಲಲ್ಲಿ ಇದ್ದಷ್ಟು ದಿನ ನೀನು ನೆಟ್ಟಗಿದ್ದೆ. ನಾನು ಅಷ್ಟನ್ನೇ ಬರಿಯೋದು, ಆಮೇಲಿಂದು ನನಗೆ ಗೊತ್ತಿಲ್ಲ,” ಎಂದು ಬರೆದುಕೊಟ್ಟರಂತೆ. ಹದಿನೆಂಟರ ಹುಡುಗಿಯರ ನಡುವೆ ಇವನೊಬ್ಬ ಮೀಸೆ ಹೊತ್ತವನು ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಓದಿದ. ಆ ಹುಡುಗಿಯರೇ ಇವನಿಗೆ ಇಂಗ್ಲಿಷ್ ಹೇಳಿಕೊಟ್ಟರು. ಇವನು ಅವರಿಗೆ ರಸ್ತೆ ದಾಟುವುದನ್ನೂ ಕನ್ನಡದ ಬೈಗುಳವನ್ನೂ ಹೇಳಿಕೊಟ್ಟ.

ಇನ್ನು ಅವನ ಕೆಲಸದ ರೀತಿ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ರಕ್ತ ಬಿಸಿಯಾಗುತ್ತದೆ. ಅವನು ಕೇಳದೆ ಯಾರನ್ನೂ ಮುಟ್ಟುತ್ತಿರಲಿಲ್ಲ. “ತಾತ, ಈಗ ಮುಟ್ತೀನಿ, ಮುಟ್ಲಾ?” ಎಂದು ಕೇಳಿ, ಅವರು ಹೂಂ ಅನ್ನುವ ತನಕ ಕಾಯುತ್ತಿದ್ದ. “ಅಮ್ಮ, ಸೂಜಿ ಚುಚ್ತೀನಿ, ಚುಚ್ಲಾ?” ಮತ್ತೆ ಕಾಯುವುದು. ನಾನಾದರೋ ಒಂದು ಕೈಯಲ್ಲಿ ತೋಳು ಹಿಡಿದು, ಇನ್ನೊಂದರಲ್ಲಿ ಚುಚ್ಚಿ, ಅವರು ಅಯ್ಯೋ ಅನ್ನುವಷ್ಟರಲ್ಲಿ ಪಕ್ಕದ ಹಾಸಿಗೆಗೆ ಹೋಗಿರುವವಳು. ರೋಗಿಗಳು ಬೇಡ ಅಂದರೆ ಇವನು ನಿಜವಾಗಿಯೂ ವಾಪಸ್ ಬರುತ್ತಿದ್ದ! ಒಂದು ಸಲ ಆಪರೇಷನ್ನಿಗೆ ಮುಂಚೆ ಒಬ್ಬ ಅಜ್ಜಿಗೆ ಎನಿಮಾ ಕೊಡಬೇಕಿತ್ತು. ಥಿಯೇಟರಿನಲ್ಲಿ ಡಾಕ್ಟ್ರು ಕೈ ತೊಳೆದು ನಿಂತಿದ್ದಾರೆ, ಇವನು ಬರಿಗೈಯಲ್ಲಿ ವಾರ್ಡಿನಿಂದ ಹೊರಗೆ ಬರುತ್ತಿದ್ದಾನೆ.

“ಅಜ್ಜಿ ಬೇಡ ಅಂದ್ರು ಸಿಸ್ಟರ್. ಐದು ನಿಮಿಷ ಬಿಟ್ಟು ಮತ್ತೆ ಕೇಳ್ತೀನಿ.”

“ಹೆಣ್ಣು ನೋಡೋಕೆ ಹೋಗಿದೀಯೇನೋ, ಒಪ್ಪಿಗೆ ಕೇಳ್ಕೊಂಡು ಕೂರೋಕೆ? ಎನಿಮಾ ಯಾರಿಗೋ ಬೇಕು ಅನ್ಸುತ್ತೆ?” ಎಂದು ಕೂಗಾಡಿದೆ.

ಅವನು ತಲೆ ತಗ್ಗಿಸಿ ಬೈಸಿಕೊಂಡ, ಐದು ನಿಮಿಷ ಬಿಟ್ಟು ಹೋಗಿ ಮತ್ತೆ ಕೇಳಿದ. ಅಜ್ಜಿ ಈ ಸಲ ಹೂಂ ಅಂದಳು. ಡಾಕ್ಟ್ರ ಬೈಗುಳ ನನ್ನ ಪಾಲಿಗೆ ಬಂತು. ಎಷ್ಟು ಹೇಳಿದರೂ ಆ ಅಭ್ಯಾಸ ಬಿಡಲಿಲ್ಲ. ರೋಗಿಗಳಿಗೆ ಮಾತ್ರ ಅವನೆಂದರೆ ಪ್ರಾಣ. ನನ್ನನ್ನು ಕಂಡರೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದವು, ಆ ಹರಿದ ಕಿವಿಯವನನ್ನು ಕಂಡರೆ ತೋಳು ಚಾಚುತ್ತಿದ್ದವು. ನನಗೆ ಹೊಟ್ಟೆ ಉರಿಯುತ್ತಿತ್ತು, ಯಾಕೆ ಮುಚ್ಚಿಡಲಿ.

ರೌಡಿ ಶೀಟ್ ಎಂದರೆ ಏನೆಂದು ನನಗೆ ಗೊತ್ತಾದದ್ದು ಅವನಿಂದಲೇ. ಕೋರ್ಟಿನ ಶಿಕ್ಷೆಗೆ ಕೊನೆ ಇದೆ, ಅದಕ್ಕಿಲ್ಲ. ಸ್ಟೇಷನ್ನಿನವರು ಮುಚ್ಚುವ ತನಕ ತೆರೆದೇ ಇರುತ್ತದೆ. ಗಣೇಶನ ಹಬ್ಬ ಹತ್ತಿರ ಬಂದರೆ, ಚುನಾವಣೆ ಬಂದರೆ, ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಡುತ್ತಾರೆ. ಅದಕ್ಕೆ ಪರೇಡ್ ಎಂದು ಹೆಸರು. ಮೊದಲ ಸಲ ಕಾನ್‌ಸ್ಟೇಬಲ್ ಬಂದು ರಿಸೆಪ್ಷನ್ನಿನಲ್ಲಿ ಇವನ ಹೆಸರು ಹೇಳಿದಾಗ ಅಲ್ಲಿದ್ದ ಹುಡುಗಿ ಅಳುವುದೊಂದು ಬಾಕಿ. ಇವನು ಬಿಳಿ ಯೂನಿಫಾರ್ಮ್ ಮಡಿಸಿ ಚೀಲಕ್ಕೆ ಹಾಕಿ, ಚೆಕ್ಸ್ ಶರ್ಟು ತೊಟ್ಟು, “ಬರ್ತೀನಿ ಸಿಸ್ಟರ್, ಸಂಜೆ ಡ್ಯೂಟಿಗೆ ಇರ್ತೀನಿ,” ಎಂದು ಕಾನ್‌ಸ್ಟೇಬಲ್ಲಿನ ಬೈಕಿನ ಹಿಂದೆ ಕೂತು ಹೋದ.

ಪರೇಡಿನಲ್ಲಿ ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಏನು ಕೆಲಸ ಎಂದು ಕೇಳಿಕೊಂಡು ಬಂದರಂತೆ. ರಿಯಲ್ ಎಸ್ಟೇಟ್ ಸಾರ್, ಫೈನಾನ್ಸ್ ಸಾರ್, ರಿಯಲ್ ಎಸ್ಟೇಟ್ ಸಾರ್. ಇವನ ಸರದಿ ಬಂತು. “ನರ್ಸ್ ಸಾರ್.” ಇಡೀ ಸಾಲು ಗೊಳ್ಳೆಂದಿತು. ಪೊಲೀಸರೂ ನಕ್ಕರು. “ನರ್ಸಾ? ಬಿಳಿ ಸೀರೆ ಉಟ್ಕೊಂಡು ಬರ್ಬೇಕಿತ್ತಲ್ಲೋ!” ಅಂದರಂತೆ ಇನ್‌ಸ್ಪೆಕ್ಟರ್. ಸಾಲು ಚದುರಿದ ಮೇಲೆ ಪಕ್ಕದಲ್ಲಿ ನಿಂತಿದ್ದವನೊಬ್ಬ ಮೆಲ್ಲಗೆ ಪ್ಯಾಂಟು ಮೇಲೆತ್ತಿ, “ಮಗಾ, ಇದೇನು ನೋಡು, ವಾಸೀನೇ ಆಗ್ತಿಲ್ಲ,” ಎಂದು ಮೊಣಕಾಲಿನ ಕೀವು ತೋರಿಸಿದ. ಇನ್ನೊಬ್ಬನಿಗೆ ಬೆನ್ನಲ್ಲಿ ಕುರು. ಮಾರನೇ ದಿನ ನಮ್ಮ ಹೊರರೋಗಿಗಳ ಬೆಂಚಿನಲ್ಲಿ ಕತ್ತಿಗೆ ದಪ್ಪ ಚೈನು ಹಾಕಿಕೊಂಡ ಮೂವರು ಕೂತಿದ್ದರು. ಟೋಕನ್ ಹಿಡಿದು ಕೈ ಕಟ್ಟಿಕೊಂಡು, ಬಾಯಿ ಬಿಡದೆ. ಉಳಿದ ರೋಗಿಗಳು ಎದ್ದು ಗೋಡೆಗೆ ಅಂಟಿಕೊಂಡು ನಿಂತಿದ್ದರು.

“ಇದನ್ನೇನು ರೌಡಿ ಛತ್ರ ಮಾಡ್ತೀಯೇನೋ?” ಎಂದೆ.

“ಸೆಪ್ಟಿಕ್ ಆಗಿದೆ ಸಿಸ್ಟರ್. ಸ್ಟೇಷನ್ ಕಾಂಪೌಂಡಲ್ಲಿ ಡ್ರೆಸ್ಸಿಂಗ್ ಮಾಡೋಕಾಗುತ್ತಾ?” ಅಂದ. ಅದೂ ಹೌದು.

ಹೀಗೆ ನಕ್ಕು ಹೇಳುವವನಿಗೆ ಒಳಗೊಳಗೆ ಅದು ಎಷ್ಟು ಕೊರೆಯುತ್ತಿತ್ತು ಎಂದು ತಿಳಿದದ್ದು ಅವನ ಹೆಂಡತಿಯಿಂದ. ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದ ಸಣಕಲು ಹೆಂಗಸು. ಒಮ್ಮೆ ನನ್ನ ಬ್ಲೌಸು ಕೊಡಲು ಬಂದವಳು ಹೇಳಿದಳು, “ಬಾಗ್ಲು ಬಡಿದ್ರೆ ಸಾಕು ಸಿಸ್ಟರ್, ಮಗಳು ಹೋಗಿ ಮಂಚದಡಿ ಸೇರ್ಕೊಳ್ತಾಳೆ. ಹಾಲಿನೋನು ಬಂದ್ರೂ ಅಷ್ಟೇ. ಈ ಸ್ಟೇಷನ್ ಲಿಮಿಟ್ ಬಿಟ್ಟು ಎಲ್ಲಾದ್ರೂ ಹೋಗ್ಬೇಕು ನಾವು.” ಎಲ್ಲಾದರೂ ಅಂದರೆ ಅವರ ಲೆಕ್ಕದಲ್ಲಿ ಯಾವುದೋ ತಾಲ್ಲೂಕು ಆಸ್ಪತ್ರೆ, ಅದರ ಹಿಂದೆ ಒಂದು ಕ್ವಾರ್ಟರ್ಸ್. ಅವನು ಸರ್ಕಾರಿ ಸ್ಟಾಫ್ ನರ್ಸ್ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದ. ವಯಸ್ಸಿನ ಮಿತಿ ಮುಗಿಯುವ ವರ್ಷ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬಂತು. ನರ್ಸಿಂಗ್ ಹೋಮಿಗೆಲ್ಲ ಮೈಸೂರು ಪಾಕು ಹಂಚಿದ. ಅವನು ಹಾಗೆ ಹಲ್ಲು ಕಾಣಿಸಿ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಉಳಿದದ್ದು ಪೊಲೀಸ್ ವರದಿ. ಇಲಾಖೆಯ ಆಫೀಸಿನಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಅಲ್ಲಿಯವರು ಹೇಳಿದ್ದಿಷ್ಟು: ಹಳೇ ಶಿಕ್ಷೆ ಮುಗಿದ ಕಥೆ, ಅದನ್ನು ಮೇಲಿನವರು ನೋಡಬಹುದು, ಆದರೆ ರೌಡಿ ಶೀಟ್ ತೆರೆದಿರುವವನ ಫೈಲನ್ನು ಯಾರೂ ಮುಟ್ಟುವುದಿಲ್ಲ. ಯುಗಾದಿಯೊಳಗೆ ಅದು ಮುಚ್ಚಿರಬೇಕು.

ಸ್ಟೇಷನ್ನಿನಲ್ಲಿ ಆಗ ಹೊಸ ಇನ್‌ಸ್ಪೆಕ್ಟರ್. ಕೆಟ್ಟವರಲ್ಲ. “ನೋಡಪ್ಪಾ, ನೀನು ಸರಿಯಾಗಿದೀಯ ಅಂತ ನೀನೇ ಹೇಳಿದ್ರೆ ಆಗಲ್ಲ, ನಿಮ್ಮ ಡಾಕ್ಟ್ರು ಹೇಳಿದ್ರೂ ಆಗಲ್ಲ. ಬೆರಳು ಕಳ್ಕೊಂಡೋನು ಇದಾನಲ್ಲ, ಅವನು ಬಂದು ಇವನಿಂದ ನನಗೇನೂ ಭಯ ಇಲ್ಲ ಅಂತ ಬರೆದು ಸಹಿ ಹಾಕ್ಲಿ. ನಾಳೇನೇ ಮೇಲಕ್ಕೆ ಬರೀತೀನಿ,” ಅಂದರು.

ಆ ಮನುಷ್ಯ ಬ್ಯಾಡರಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಮೂರು ಕಿಲೋಮೀಟರ್ ದೂರ. ಕೋರ್ಟು ಮುಗಿದ ಮೇಲೆ ಇವನು ಆ ಅಂಗಡಿ ಇರುವ ರಸ್ತೆಯಲ್ಲಿ ಕಾಲಿಟ್ಟಿರಲಿಲ್ಲ. ಬಸ್ಸು ಆ ಕಡೆ ಹೋಗುವುದಾದರೆ ಒಂದು ಸ್ಟಾಪ್ ಮುಂಚೆ ಇಳಿದು ಸುತ್ತಿಕೊಂಡು ಹೋಗುತ್ತಿದ್ದನಂತೆ.

ಇವನು ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿರುವಾಗಲೇ ಆ ಮನೆಯವರೇ ನಮ್ಮಲ್ಲಿಗೆ ಬಂದರು. ಆ ಭಾಗದಲ್ಲಿ ಸಕ್ಕರೆ ಕಾಯಿಲೆಯ ಕಾಲನ್ನು ಕತ್ತರಿಸದೆ ಉಳಿಸುತ್ತಾರೆ ಎಂದು ನಮ್ಮ ಡಾಕ್ಟ್ರಿಗೆ ಹೆಸರಿತ್ತು, ಆ ಕಡೆಯ ಹಳ್ಳಿಗಳಿಂದ ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು. ಬಂದವರು ಅಂಗಡಿಯವನ ಅಪ್ಪ. ಹಿಮ್ಮಡಿಯಲ್ಲಿ ಮುಷ್ಟಿ ಗಾತ್ರದ ಹುಣ್ಣು, ಕಣ್ಣಿಗೂ ಪೊರೆ. ಮಧ್ಯಾಹ್ನ ಸೊಸೆ ಕರೆತಂದು ಸೇರಿಸಿದಳು. ಡ್ರೆಸ್ಸಿಂಗ್ ಇವನೇ ಮಾಡಿದ, ಯಾರ ಅಪ್ಪ ಎಂದು ತಿಳಿಯದೆ. “ತಾತ, ಈಗ ಹತ್ತಿ ಇಡ್ತೀನಿ, ಇಡ್ಲಾ?” ಇತ್ಯಾದಿ.

ಸಂಜೆ ಮಗ ಬಂದ. ವಾರ್ಡಿನ ಬಾಗಿಲಲ್ಲೇ ನಿಂತ. ಇವನೂ ತಲೆಯೆತ್ತಿ ನೋಡಿದ. ಮಗ ಸೀದಾ ನನ್ನ ಮೇಜಿನ ಹತ್ತಿರ ಬಂದ. ಬಲಗೈ ಜೇಬಿನಲ್ಲಿತ್ತು.

“ಅವನು ಯಾರು ಅಂತ ಗೊತ್ತಾ ನಿಮಗೆ?”

“ಗೊತ್ತು,” ಎಂದೆ. “ಅವನೇ ಹೇಳಿ ಸೇರಿದಾನೆ.”

ಅವನು ಜೇಬಿನಿಂದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟ. ಹೆಬ್ಬೆರಳು ಬಿಟ್ಟರೆ ಉಳಿದವು ಬುಡದಲ್ಲೇ ನಿಂತಿದ್ದವು. ಆಸ್ಪತ್ರೆಯಲ್ಲಿ ಬೆಳೆದವಳು ನಾನು, ಇದಕ್ಕಿಂತ ಕೆಟ್ಟದ್ದು ದಿನಾ ನೋಡಿದ್ದೇನೆ. ಆದರೂ ಕಣ್ಣು ಬೇರೆ ಕಡೆ ಹೋಯಿತು.

“ನಮ್ಮಪ್ಪನ್ನ ಅವನು ಮುಟ್ಟಬಾರ್ದು. ಬೇರೆಯೋರ್ನ ಹಾಕಿ.”

“ಆಯ್ತು,” ಎಂದೆ. ಅದು ಅವನ ಹಕ್ಕು. ಮಾರನೇ ದಿನ ಇನ್ನೊಬ್ಬ ಸಿಸ್ಟರನ್ನು ಕಳಿಸಿದೆ. ಕೆಲಸದಲ್ಲಿ ಚುರುಕು, ನನ್ನದೇ ತಳಿ. ಮುದುಕಪ್ಪ ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿದರು. ಮೂರನೇ ದಿನ ಕಾಲು ಎಳೆದುಕೊಂಡು ಹಟ ಹಿಡಿದರು. “ಮೊನ್ನೆ ಬಂದಿದ್ನಲ್ಲ, ಕೇಳಿ ಕೇಳಿ ಮಾಡ್ತಾನಲ್ಲ, ಆ ಹುಡುಗನ್ನ ಕರೀರಮ್ಮ. ಅವನು ಬರೋ ಗಂಟ ಕಾಲು ಕೊಡಾಕಿಲ್ಲ.” ಮಗ ಅಲ್ಲೇ ಇದ್ದ. ಅಪ್ಪನಿಗೆ ಹೇಳಿಬಿಡುತ್ತಾನೆ ಎಂದು ನಾನು ಕಾದೆ. ಹೇಳಲಿಲ್ಲ. ಎದ್ದು ಕಾರಿಡಾರಿನ ಬೆಂಚಿಗೆ ಹೋಗಿ ಕೂತ. ಅದೇ ಅವನ ಒಪ್ಪಿಗೆ ಎಂದು ತಿಳಿದು ಇವನನ್ನು ಕಳಿಸಿದೆ. ಅಂದಿನಿಂದ ಡ್ರೆಸ್ಸಿಂಗ್ ವೇಳೆಗೆ ಮಗ ಹೊರಗೆ ಬೆಂಚಿನ ಮೇಲೆ, ಇವನು ಒಳಗೆ. ಇವನು ಟ್ರೇ ಹಿಡಿದು ಹೊರಬಂದ ಮೇಲೆ ಅವನು ಒಳಗೆ ಹೋಗುವುದು. ಹೀಗೆ ವಾರಗಟ್ಟಲೆ ನಡೆಯಿತು. ಹುಣ್ಣು ಕೆಂಪಗೆ ತುಂಬಿಕೊಂಡು ಬರತೊಡಗಿತು.

ಯುಗಾದಿ ಹತ್ತಿರ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಇವನನ್ನು ಪ್ಯಾಂಟ್ರಿಗೆ ಎಳೆದುಕೊಂಡು ಹೋದೆ.

“ಈಗ ಕೇಳೋ. ದೇವರೇ ತಂದು ಬಾಗಿಲಿಗೆ ಬಿಟ್ಟಿದಾನೆ. ಅಪ್ಪನ ಕಾಲು ಉಳಿಸ್ತಾ ಇದೀಯ, ಇಲ್ಲ ಅನ್ನೋಕೆ ಅವನಿಗೆ ಬಾಯಿ ಬರುತ್ತಾ?”

“ಬರಲ್ಲ ಸಿಸ್ಟರ್. ಅದಕ್ಕೇ ಕೇಳಲ್ಲ.”

“ಏನು ಹಾಗಂದ್ರೆ?”

“ಇಲ್ಲ ಅನ್ನೋಕಾಗದೇ ಇರೋ ಟೈಮ್ ನೋಡಿ ಕೇಳೋದು. ಸೈಟ್ ಹತ್ರ ನಾನು ಮಾಡ್ತಾ ಇದ್ದಿದ್ದೇ ಅದು.”

ನನಗೆ ಮೈಯೆಲ್ಲ ಉರಿದುಹೋಯಿತು. ನೀತಿ ಹೇಳುವುದಕ್ಕೆ ಹೊತ್ತು ಗೊತ್ತು ಬೇಡವೇ? “ನಿನ್ನ ಹೆಂಡ್ತಿ ಮಗಳ ಮುಖಾನಾದ್ರೂ ನೋಡೋ,” ಎಂದೆ. ಅವನು ಲೋಟ ತೊಳೆದಿಟ್ಟು ಹೋದ.

ಮುದುಕಪ್ಪ ಮನೆಗೆ ಹೋಗುವ ದಿನ ಬಂತು. ಮನೆಗೇ ಹೋಗಿ ದಿನಾ ಡ್ರೆಸ್ಸಿಂಗ್ ಮಾಡಬೇಕು ಎಂದು ಡಾಕ್ಟ್ರು ಬರೆದರು. ಇವನು ನನ್ನ ಹತ್ತಿರ ಬಂದು, “ಆ ಸಿಸ್ಟರ್ನ ಕಳ್ಸಿ, ನನ್ನ ಬೇಡ,” ಅಂದ. ಯಾಕೆ ಎಂದು ಕೇಳಿದರೆ, “ನನ್ನಿಂದ ಅವರಿಗೆ ಏನೂ ಆಗ್ಬೇಕಾಗಿರ್ಬಾರ್ದು. ಆಮೇಲೆ ಹೋಗಿ ಕೇಳ್ತೀನಿ,” ಎಂದ. ಯುಗಾದಿಗೆ ಉಳಿದಿದ್ದೇ ಬೆರಳೆಣಿಕೆಯ ದಿನ, ಅದರಲ್ಲೂ ಒಂದು ವಾರವನ್ನು ಸುಮ್ಮನೆ ಕಳೆದ. ಆ ವಾರವೆಲ್ಲ ಅವನ ಹೆಂಡತಿ ನನಗೆ ಫೋನು ಮಾಡುತ್ತಿದ್ದಳು.

ಕೊನೆಗೆ ಒಂದು ದಿನ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಆ ಅಂಗಡಿಗೆ ಹೋದ. ಮುಂದಿನದನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ. ಅಂಗಡಿಯಲ್ಲಿ ಮೇಸ್ತ್ರಿಯೊಬ್ಬ ಬಾಗಿಲ ತಿರುಗಣಿ ಕೊಳ್ಳುತ್ತಿದ್ದ. ಅವನು ಹೋಗುವ ತನಕ ಇವನು ರಸ್ತೆಯಲ್ಲೇ ನಿಂತ. ಆಮೇಲೆ ಮೆಟ್ಟಿಲ ಕೆಳಗೆ ನಿಂತು, “ಅಣ್ಣ, ಒಂದು ವಿಷಯ ಕೇಳ್ಬೇಕು. ಬೇಡ ಅಂದ್ರೆ ಹೋಗ್ತೀನಿ,” ಅಂದ. ಅಂಗಡಿಯವನು ಹೇಳು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಇವನು ಕೆಲಸದ ವಿಷಯ, ಇನ್‌ಸ್ಪೆಕ್ಟರ್ ಹೇಳಿದ ವಿಷಯ ಎಲ್ಲ ಹೇಳಿದ. ಅವನು ಎಡಗೈಯಲ್ಲಿ ಮೊಳೆ ಹೆಕ್ಕಿ ಡಬ್ಬಿಗೆ ಹಾಕುತ್ತಾ ಪೂರ್ತಿ ಕೇಳಿದ. ಆಮೇಲೆ ಕೌಂಟರಿನ ಈಚೆ ಬಂದು ಎದುರಿಗೆ ನಿಂತ.

“ಬರಲ್ಲ,” ಅಂದ. “ಎಡಗೈಲಿ ಸಹಿ ಹಾಕೋದು ಕಲಿಯೋಕೆ ನಂಗೆ ವರ್ಷಗಟ್ಲೆ ಹಿಡೀತು. ಬ್ಯಾಂಕಲ್ಲಿ ಎಷ್ಟು ಸಲ ವಾಪಸ್ ಕಳ್ಸಿದ್ರು ಗೊತ್ತಾ? ಆ ಸಹಿನ ನಿಂಗೋಸ್ಕರ ಹಾಕಲ್ಲ. ನೀನು ಒಳ್ಳೇವ್ನಾಗಿರ್ಬೋದು. ಆಗಿರು. ನಾನು ಮಾತ್ರ ಹಾಕಲ್ಲ.”

ಇವನು ಕೈ ಮುಗಿದು ತಿರುಗಿದ. ಹಿಂದಿನಿಂದ ಅವನು ಕೂಗಿದ, “ಏಯ್, ನಿಂತ್ಕೊ. ಈಗ ಬರೋ ಆಯಮ್ಮನ ಕೈ ಒರಟು. ಅಪ್ಪ ಅಳ್ತಾರೆ. ನಾಳೆಯಿಂದ ನೀನೇ ಬಾ.”

ಇವನು ಇದನ್ನೆಲ್ಲ ಹೇಳಿದ್ದು ಮಧ್ಯಾಹ್ನ, ನಾನು ಊಟದ ಡಬ್ಬಿ ಬಿಚ್ಚುತ್ತಿರುವಾಗ. ಡಬ್ಬಿ ಮುಚ್ಚಿಟ್ಟೆ. “ಎಂಥಾ ಜನಾನೋ! ಹುಣ್ಣು ತೊಳೆಯೋಕೆ ನೀನು ಬೇಕು, ಒಂದು ಸಹಿ ಕೊಡು ಅಂದ್ರೆ ಆಗಲ್ಲ. ನಾಚಿಕೆ ಇಲ್ವಾ ಅವನಿಗೆ? ನೀನೂ ಹೂಂ ಅಂದ್ಕೊಂಡು ಬಂದ್ಯಾ?”

“ಹೂಂ ಅಂದೆ.”

“ಕೆಲಸ?”

“ಹೋಯ್ತು ಸಿಸ್ಟರ್.”

ನನಗೆ ಅಳು ಬಂತು. ಅವನ ಮಗಳು ಮಂಚದಡಿ ಸೇರಿಕೊಳ್ಳುವುದು ಕಣ್ಣ ಮುಂದೆ ಬಂತು. 

ಅವನು ಸಿಂಕಿನ ಹತ್ತಿರ ನಿಂತು ಕೈಗೆ ಸೋಪು ಹಚ್ಚುತ್ತಿದ್ದ. “ಅವನಿಗೆ ನನ್ನ ಕಂಡ್ರೆ ಭಯ ಇಲ್ಲ ಸಿಸ್ಟರ್. ಹತ್ರ ಬಂದು, ಮುಖ ನೋಡ್ಕೊಂಡು ಹೇಳ್ದ,” ಅಂದ.

“ಅದನ್ನೇ ತಾನೇ ಇನ್‌ಸ್ಪೆಕ್ಟರ್ ಕೇಳಿದ್ದು! ಅದನ್ನೇ ಬರೆದುಕೊಡೋಕೆ ಏನಾಗಿತ್ತು ಅವನಿಗೆ ದಾಡಿ?”

ಅವನು ನಲ್ಲಿ ನಿಲ್ಲಿಸಿದ.

“ಆವತ್ತೂ ಅವನು ಬೇಡ ಬೇಡ ಅಂತಾನೇ ಇದ್ದ ಸಿಸ್ಟರ್,” ಅಂದ. “ನಾನು ಕೇಳಿಸ್ಕೊಳ್ಲಿಲ್ಲ. ಇವತ್ತು ಕೇಳಿಸ್ಕೊಂಡು ಬಂದೆ.”